ಮೆಣಸಿನಕಾಯಿ ಘಾಟು ಮತ್ತು ನನ್ನ ಎಂ.ಎ.

ಒಬ್ಬರೇ ಇರುವವರಿಗೆ ಒಂದಿಲ್ಲೊಂದು ಚಟ ಅಂಟಿಕೊಳ್ಳದೆ ಬಿಡುವುದಿಲ್ಲ. ಕೆಲವರು ದೇವರ ಬೆನ್ನು ಹತ್ತುತ್ತಾರೆ, ಕೆಲವರು ಡಾಕ್ಟರ ಬೆನ್ನು ಹತ್ತುತ್ತಾರೆ. ಇಳಕಲ್ಲಿನ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ನಳಕ್ಕೆ ನೀರು ಬಂದ ದಿನ ಕೊಡ ಹಿಡಿದು ಹೊರಗೆ ಬಂದರೆಂದರೆ ಯಾರ ಜೊತೆಗಾದರೂ ಜಗಳ ತೆಗೆಯದೆ ಒಳಗೆ ಹೋಗುವುದಿಲ್ಲ. ಅವರ ಮನೆಯ ನೀರಿನ ಟಾಕಿ ಮಾತ್ರ ಯಾವಾಗಲೂ ತುಂಬಿಯೇ ಇರುತ್ತದೆ. ಮೊದಮೊದಲು ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ನಮ್ಮವರು ತೀರಿಕೊಂಡು ಮನೆಯಲ್ಲಿ ನಾನೊಬ್ಬಳೇ ಉಳಿದ ಮೇಲೆ ಮಾಸ್ತರರು ಅರ್ಥವಾದರು. ಜಗಳವಾಡಿದರೆ ನಾಲ್ಕು ಜನ ಮಾತಾಡಿಸಿದಂತಾಯಿತಲ್ಲ! ನನಗೆ ಜಗಳವಾಡಲು ಬರುವುದಿಲ್ಲ. ದೇವರಿಗೆ ದಿನಕ್ಕೊಂದು ಊದಿನಕಡ್ಡಿಗಿಂತ ಹೆಚ್ಚಿನ ತೊಂದರೆ ಕೊಟ್ಟವಳೂ ಅಲ್ಲ. ಹೀಗಾಗಿ ನನಗೆ ಅಂಟಿಕೊಂಡದ್ದು ಎಂ.ಎ. ಅದೂ ಎಂಥ ಎಂ.ಎ. ಅಂತೀರಿ? ‘ಬಾಲ್ಯ ಮತ್ತು ಯೌವನ ಅಧ್ಯಯನ.’ ಐವತ್ತು ದಾಟಿದ, ಮಕ್ಕಳಿಲ್ಲದ, ಮಂಡಿನೋವಿನ ಹೆಂಗಸೊಬ್ಬಳು ಬಾಲ್ಯವನ್ನೂ ಯೌವನವನ್ನೂ ಒಟ್ಟಿಗೇ ಅಭ್ಯಾಸ ಮಾಡಲು ಹೊರಟದ್ದು ಕೇಳಿ ನಮ್ಮ ಕಚೇರಿಯಲ್ಲಿ ಯಾರೂ ನಗಲಿಲ್ಲ. ನಾನಿಲ್ಲದಾಗ ನಕ್ಕರಂತೆ.

ಕಚೇರಿ ಇರುವುದು ಹುನಗುಂದದಲ್ಲಿ. ಬೆಳಿಗ್ಗೆ ಇಳಕಲ್ಲಿನಿಂದ ಬಸ್ಸು ಹಿಡಿದು ಹೋಗುತ್ತೇನೆ, ದಿನವಿಡೀ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸುತ್ತೇನೆ, ಸಂಜೆ ವಾಪಸ್ಸು ಬರುತ್ತೇನೆ. ಉಳಿದ ದಿನಗಳು ಹೇಗೋ ಕಳೆಯುತ್ತವೆ. ಆದರೆ ಭಾನುವಾರ ಎಂಬುದು ಒಂಟಿ ಜನರನ್ನು ಕೇಳದೆ ದೇವರು ಮಾಡಿದ ದಿನ. ಬೇಗ ಅಡುಗೆ ಮಾಡಿ, ಬೇಗ ಊಟ ಮಾಡಿ, ಒಂದು ತಾಟು ತೊಳೆದಿಟ್ಟರೆ ಆಮೇಲೆ ಗೋಡೆಯ ಗಡಿಯಾರ ನನ್ನನ್ನು ನೋಡುತ್ತದೆ, ನಾನು ಗಡಿಯಾರವನ್ನು ನೋಡುತ್ತೇನೆ. ಈ ಎಂ.ಎ.ಯ ತರಗತಿಗಳು ಬಾಗಲಕೋಟೆಯಲ್ಲಿ, ಅದೂ ಭಾನುವಾರವೇ ನಡೆಯುತ್ತವೆ ಎಂದು ಕೇಳಿದೊಡನೆ ನಾನು ವಿಷಯ ಯಾವುದೆಂದು ಎರಡನೆಯ ಸಲ ಕೇಳಲಿಲ್ಲ. ಅರ್ಜಿ ಕೊಡಲು ಹೋದಾಗ ಕಿಟಕಿಯ ಹಿಂದಿದ್ದ ಹುಡುಗ ನನ್ನ ಕಾಗದಗಳನ್ನೆಲ್ಲ ಮೇಲೆ ಕೆಳಗೆ ಮಾಡಿ, “ಅಮ್ಮಾರ, ಇದರಾಗ ಮಗನ ಮಾರ್ಕ್ಸ್ ಕಾರ್ಡ್ ಇಲ್ಲಲ್ರಿ” ಎಂದ. “ಮಗಂದಲ್ಲಪಾ, ನಂದು” ಎಂದೆ. “ನಿಮ್ಮದೇನ ಬ್ಯಾಡ್ರಿ, ಬರೇ ಸ್ಟೂಡೆಂಟಂದು ಸಾಕ್ರಿ” ಎಂದ. “ಸ್ಟೂಡೆಂಟ್ ನಾನ ಅದೇನಪಾ” ಎಂದೆ. ಅವನು ನನ್ನನ್ನೂ ಅರ್ಜಿಗೆ ಅಂಟಿಸಿದ ನನ್ನ ಫೋಟೋವನ್ನೂ ಬಹಳ ಹೊತ್ತು ಹೋಲಿಸಿ ನೋಡಿ, ಕುರ್ಚಿ ತರಿಸಿ ಕೂಡ್ರಿಸಿದ. ವಿದ್ಯಾರ್ಥಿ ಜೀವನದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ತರಗತಿಯಲ್ಲಿ ಉಳಿದವರೆಲ್ಲ ನನ್ನ ಅರ್ಧ ವಯಸ್ಸಿನವರು. ಅಂಗನವಾಡಿಯ ಹುಡುಗಿಯರು, ಸಾಲಿಯ ಹೊಸ ಮಾಸ್ತರರು, ಸಂಘ ಸಂಸ್ಥೆಗಳಲ್ಲಿ ದುಡಿಯುವ ಹುಡುಗರು. ಪಾಠ ಹೇಳುವ ಸರ್ ಕೂಡ ನನ್ನ ತಮ್ಮನ ಮಗನ ಓರಗೆಯವರು. ಮೊದಲ ದಿನವೇ ಅವರು ಬೋರ್ಡಿನ ಮೇಲೆ ‘ಬಾಲ್ಯ ಎಂಬುದು ಸಮಾಜ ಕಟ್ಟಿದ ಕಲ್ಪನೆ’ ಎಂದು ಬರೆದು ಅದರ ಮೇಲೆ ಒಂದು ತಾಸು ಮಾತಾಡಿದರು. ನಾನು ಹುಟ್ಟಿ ಬೆಳೆದ ಶಿರೂರಿನಲ್ಲಿ ಅದನ್ನು ಕಟ್ಟುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಹುಡುಗಿಯ ಸೊಂಟ ತಮ್ಮನನ್ನು ಎತ್ತಿಕೊಳ್ಳುವಷ್ಟು ಗಟ್ಟಿಯಾಯಿತೆಂದರೆ ಬಾಲ್ಯ ಮುಗಿಯಿತು. ನನ್ನ ಸೊಂಟ ಬಹಳ ಬೇಗ ಗಟ್ಟಿಯಾಯಿತು. ಒಂದರ ಹಿಂದೊಂದರಂತೆ ತಮ್ಮಂದಿರನ್ನು ಹೊತ್ತು ತಿರುಗಿದೆನಾದರೂ ಅವರ ಮುಖ ಸರಿಯಾಗಿ ನೋಡಿದ ನೆನಪಿಲ್ಲ. ಸೊಂಟದ ಮೇಲೆ ಕೂತವರ ಮುಖ ಹೊತ್ತವರಿಗೆ ಕಾಣುವುದಿಲ್ಲ.

ಯೌವನದ ಅಧ್ಯಯನ ಬಾದಾಮಿಯಲ್ಲಿ ಆಯಿತು. ತರಗತಿಯ ಹುಡುಗರು ಒಂದು ಭಾನುವಾರ ಅಲ್ಲಿಗೆ ಟ್ರಿಪ್ ಹಾಕಿದರು. “ಆಂಟಿ, ನೀವೂ ಬರಬೇಕ್ರಿ, ನೀವಿಲ್ಲಂದ್ರ ಮಜಾ ಇಲ್ರಿ” ಎಂದು ಕರೆದರು. ನನಗೆ ಹಿಗ್ಗೋ ಹಿಗ್ಗು. ಎರಡು ಡಬ್ಬಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಗುಹೆಗಳಿಗೆ ಏರುವ ಮೆಟ್ಟಿಲ ಬುಡಕ್ಕೆ ಬಂದಾಗ, “ಆಂಟಿ, ನಿಮಗ ಮಂಡಿ ನೋವಲ್ರಿ, ಇಲ್ಲೇ ಕುಂದರ್ರಿ” ಎಂದು ಎಲ್ಲರೂ ತಮ್ಮ ತಮ್ಮ ಚೀಲ ನನ್ನ ಸುತ್ತ ಇಟ್ಟು ಹೋದರು. ಯೌವನವನ್ನು ನಾನು ಅವರ ಚೀಲಗಳ ಮೂಲಕ ಅಭ್ಯಾಸ ಮಾಡಿದೆ. ಅಷ್ಟರಲ್ಲಿ ಮಂಗವೊಂದು ಬಂದು ರೊಟ್ಟಿಯ ಡಬ್ಬಿ ಎತ್ತಿಕೊಂಡು ಹೋಯಿತು. ವಾಪಸ್ಸು ಬರುವ ಮುನ್ನ ಕೆರೆಯ ದಂಡೆಯಲ್ಲಿ ಗುಂಪಿನ ಫೋಟೋ ಆಯಿತು. ಮೊಬೈಲು ಹಿಡಿಯಲು ಯಾರಾದರೂ ಬೇಕಲ್ಲ, ನಾನು ಹಿಡಿದೆ. ಆ ಟ್ರಿಪ್ಪಿನ ಒಂದು ಫೋಟೋದಲ್ಲೂ ನಾನಿಲ್ಲ. ಮಂಗ ಎರಡರಲ್ಲಿದೆ.

ಇದೆಲ್ಲ ಹಾಗಿರಲಿ. ನಿಜವಾದ ಫಜೀತಿ ಶುರುವಾದದ್ದು ಎರಡನೆಯ ಸೆಮಿಸ್ಟರಿನಲ್ಲಿ. ಮೂರು ವರ್ಷದೊಳಗಿನ ಒಂದು ಮಗುವನ್ನು ಅದರ ಮನೆಯಲ್ಲೇ, ವಾರಕ್ಕೊಂದು ತಾಸಿನಂತೆ, ಕೆಲವು ವಾರ ನೋಡಿ ವರದಿ ಬರೆಯಬೇಕು. ನೋಡುವುದೆಂದರೆ ಬರೀ ನೋಡುವುದು. ಮಾತಾಡಿಸುವಂತಿಲ್ಲ, ಎತ್ತಿಕೊಳ್ಳುವಂತಿಲ್ಲ, ಅದು ನಕ್ಕರೆ ನಗುವಂತಿಲ್ಲ. “ನೀವು ಆ ಕೋಣೆಯಲ್ಲಿ ಇದ್ದೂ ಇರಬಾರದು. ಆದರೆ ಮಗುವಿನ ಮೇಲಿಂದ ಕಣ್ಣು ಕೀಳಬಾರದು” ಎಂದರು ಸರ್. ತರಗತಿಯ ಹುಡುಗಿಯರು ತಮ್ಮ ತಮ್ಮ ಮಕ್ಕಳ, ಅಕ್ಕಂದಿರ ಮಕ್ಕಳ ಹೆಸರು ಬರೆಸಿದರು. ನನ್ನ ಪಾಳಿ ಬಂದಾಗ ನಾನು ಪೆನ್ನು ಕೆಳಗೆ ಬಿದ್ದಂತೆ ಮಾಡಿ ಬೆಂಚಿನ ಕೆಳಗೆ ಬಗ್ಗಿದೆ.

ಯಾಕೆಂದು ಹೇಳಬೇಕು. ಮಕ್ಕಳಿಲ್ಲದ ಹೆಂಗಸು ಪರರ ಕೂಸನ್ನು ಎಷ್ಟು ನೋಡಬಹುದು ಎಂಬುದಕ್ಕೆ ನಮ್ಮ ಕಡೆ ಒಂದು ಅಳತೆಯಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತಾನಾಗಿಯೇ ಕಲಿಯಬೇಕು. ನಾನು ಕಲಿತೆ. ತೊಟ್ಟಿಲು ಕಾರ್ಯಕ್ಕೆ ಹೋದರೆ, “ಅಕ್ಕಾರ, ನೀವು ಒಳಗ ಎಲಿ ಅಡಿಕಿ ಕಡೆ ನೋಡ್ಕೋರಿ” ಎನ್ನುವ ಮೊದಲೇ ಒಳಗೆ ಹೋಗಿ ಎಲೆ ಅಡಿಕೆಯ ಕಡೆ ನೋಡುತ್ತಿದ್ದೆ. ಬಸ್ಸಿನಲ್ಲಿ ಬಾಜೂ ಸೀಟಿಗೆ ಎಳೆಗೂಸು ಬಂದು, ತಾಯಿ ಸೆರಗೆಳೆದು ಅದರ ಮುಖಕ್ಕೆ ಮುಚ್ಚುವ ಮೊದಲೇ ಕಿಟಕಿಯ ಹೊರಗೆ ನೋಡುತ್ತಿದ್ದೆ. ಇಳಕಲ್ಲಿನಿಂದ ಹುನಗುಂದದವರೆಗೆ ರಸ್ತೆ ಬದಿಯಲ್ಲಿ ಯಾವ ಕಲ್ಲು ಎಲ್ಲಿದೆ ಎಂದು ನನಗೆ ಬಾಯಿಪಾಠವಾಗಿರುವುದು ಆ ಕೂಸುಗಳ ಪುಣ್ಯದಿಂದ. ಇನ್ನು ಕೂಸನ್ನು ಹೊಗಳುವುದಂತೂ ದೂರದ ಮಾತು. ಚೆಂದವಿದ್ದರೆ ಚೆಂದವಿಲ್ಲ ಎನ್ನಬೇಕು. ಒಮ್ಮೆ ಕಚೇರಿಗೆ ಬಂದ ಹೆಣ್ಣುಮಗಳೊಬ್ಬಳ ದುಂಡದುಂಡ ಕೂಸನ್ನು ಕಂಡು ಮರ್ಯಾದೆಗೆ, “ಏನ್ ಬಡಕಲ ಐತ್ರಿ ಕೂಸು” ಎಂದೆ. ಆಕೆ ಪಾಪ ಬೆಂಗಳೂರು ಕಡೆಯವಳು. ಗಾಬರಿಯಾಗಿ ನೇರ ಮಕ್ಕಳ ಡಾಕ್ಟರ ಹತ್ತಿರ ಹೋದಳಂತೆ. ಒಟ್ಟಿನಲ್ಲಿ ಮಕ್ಕಳನ್ನು ನೋಡದೆ ಇರುವುದರಲ್ಲಿ ನನಗೆ ಮೂವತ್ತು ವರ್ಷದ ಸೇವಾನುಭವವಿತ್ತು. ಈಗ ವಿಶ್ವವಿದ್ಯಾಲಯ ನನ್ನನ್ನು ಕರೆದು, ಕಣ್ಣು ಪಿಳುಕಿಸದೆ ನೋಡು, ಅಂಕ ಕೊಡುತ್ತೇನೆ ಎನ್ನುತ್ತಿತ್ತು.

ಮೊದಲು ನಮ್ಮ ಕಚೇರಿಯ ಶೋಭಾಳನ್ನು ಕೇಳಿದೆ. ಅವಳಿಗೆ ಎರಡು ವರ್ಷದ ಮಗನಿದ್ದಾನೆ, ಮನೆ ಹುನಗುಂದದಲ್ಲೇ. “ಅಯ್ಯ, ಬರ್ರಿ ಅಕ್ಕಾರ, ಅದಕ್ಕೇನ್ರಿ” ಎಂದಳು ತಕ್ಷಣ. ಮಾರನೆಯ ದಿನ, “ಹುಡುಗ ಕೆರೂರಿಗೆ ಹೋಗ್ಯಾನ್ರಿ, ಅವರ ಅಜ್ಜಿ ಮನಿಗೆ. ಎಂದ ಬರ್ತಾನೋ ಏನೋ” ಎಂದಳು. ಅದರ ಮಾರನೆಯ ಸಂಜೆ ಬಸ್ ನಿಲ್ದಾಣದಲ್ಲಿ ಆ ಹುಡುಗ ಅಪ್ಪನ ಹೆಗಲ ಮೇಲೆ ಕೂತು ಐಸ್ ಕ್ಯಾಂಡಿ ಚೀಪುತ್ತಿದ್ದ. ಶೋಭಾ ನನ್ನನ್ನು ಕಂಡಳು. ನಾನು ತಿರುಗಿ ಬಸ್ಸಿನ ವೇಳಾಪಟ್ಟಿಯನ್ನು ಓದತೊಡಗಿದೆ, ಅವರು ದಾಟಿ ಹೋಗುವವರೆಗೆ ಓದಿದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಮಗನನ್ನು ಕೆರೂರಿಗೆ ಕಳಿಸುತ್ತಿದ್ದೆನೋ ಏನೋ. ಆದರೆ ಮನೆಗೆ ಬಂದ ಮೇಲೆ ಆ ಸಂಜೆ ಊಟ ಮಾಡುವ ಮನಸ್ಸಾಗಲಿಲ್ಲ.

ಕೊನೆಗೆ ಉಳಿದದ್ದು ಬಾಜೂ ಮನೆ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮೊಳಕೈ ಊರುವಷ್ಟು ಎತ್ತರದ ಗೋಡೆ. ಅತ್ತ ಶಂಕ್ರವ್ವಾಯಿ, ಸೊಸೆ ರೇಣುಕಾ, ಮೊಮ್ಮಗಳು. ಸೊಸೆ ಮಗ್ಗದ ಮೇಲೆ ಸೀರೆ ನೇಯುತ್ತಾಳೆ, ಅತ್ತೆ ಕೂತು ನೂಲಿನ ಕಂಡಿಕೆ ಸುತ್ತುತ್ತಾಳೆ, ಮಗ ನೇಯ್ದದ್ದನ್ನು ಹೊತ್ತು ಊರೂರು ತಿರುಗುತ್ತಾನೆ. ಮೊಮ್ಮಗಳ ಹೆಸರು ಸಾನ್ವಿ. ಆ ಹೆಸರು ಶಂಕ್ರವ್ವಾಯಿಯ ಬಾಯಲ್ಲಿ ಸಾನವ್ವ ಆಗಿದೆ. ಮದುವೆಯಾಗಿ ಏಳೆಂಟು ವರ್ಷ, ಹರಕೆ ಹೊತ್ತು ಹೊತ್ತು ಸಾಕಾದ ಮೇಲೆ ಹುಟ್ಟಿದ ಕೂಸು. ಹಣೆಗೊಂದು, ಗಲ್ಲಕ್ಕೊಂದು, ಅಂಗಾಲಿಗೊಂದು ಕಾಡಿಗೆಯ ಬೊಟ್ಟು ಇಲ್ಲದೆ ಅದನ್ನು ಯಾರೂ ಕಂಡಿಲ್ಲ. ಇಂಥ ಕೂಸನ್ನು ಕೇಳಬೇಕಲ್ಲ ಎಂದು ನಾನು ಹೆಪ್ಪಿಗೆ ಮೊಸರು ಕೇಳುವ ನೆವದಿಂದ ಶುರು ಮಾಡಿ, ಹವೆ, ನೂಲಿನ ದರ ಎಲ್ಲ ದಾಟಿ, ಅಂತೂ ವಿಷಯಕ್ಕೆ ಬಂದೆ.

ಶಂಕ್ರವ್ವಾಯಿ ಕೈಯಲ್ಲಿದ್ದ ಕಂಡಿಕೆ ನಿಲ್ಲಿಸಿ ಕೇಳಿದಳು, “ಬರೇ ನೋಡುದೇನ ಕಸ್ತೂರವ್ವಾ? ಮಾತಾಡ್ಸಂಗಿಲ್ಲಾ?”

“ಇಲ್ಲಾಯಿ.”

“ಎತ್ತಿಗೊಳ್ಳಂಗೂ ಇಲ್ಲಾ?”

“ಇಲ್ಲಾಯಿ.”

“ಸುಮ್ಮ ಒಂದ ಕಡೆ ಕುಂತು ನೋಡಿದ್ರ ನಿನಗ ಡಿಗ್ರಿ ಕೊಡ್ತಾರಾ?”

“ಕೊಡ್ತಾರಂತ.”

“ಹಂಗಾದ್ರ ನಮ್ಮ ಮಾಳಿಗಿ ಮ್ಯಾಲಿನ ಕಾಗಿ ಇಷ್ಟೊತ್ತಿಗೆ ಡಾಕ್ಟರ್ ಆಗಬೇಕಿತ್ತ ಬಿಡು” ಎಂದು ನಕ್ಕು, “ಬಾ, ನೋಡು. ನೋಡಿದ್ರ ಕೂಸೇನು ಸವೀತೈತೇನು?” ಎಂದಳು. ಮಗ್ಗದ ಕಟಕಟ ಸದ್ದು ಅರೆಗಳಿಗೆ ನಿಂತಿತು. ಮತ್ತೆ ಮಗ್ಗ ಶುರುವಾಯಿತು.

ಮೊದಲ ದಿನ ಕಚೇರಿಯಿಂದ ಬಂದು ಮುಖ ತೊಳೆದು, ನೋಟ್‌ಬುಕ್ ಮಡಿಲಲ್ಲಿಟ್ಟುಕೊಂಡು, ಅವರ ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಸಾನವ್ವ ಸ್ವಲ್ಪ ಹೊತ್ತು ನನ್ನನ್ನು ದೂರದಿಂದ ಅಳೆದು, ಒಂದು ಖಾಲಿ ಕಂಡಿಕೆ ತಂದು ನನ್ನ ಮುಂದೆ ಹಿಡಿದಳು. ನಿಯಮದ ಪ್ರಕಾರ ನಾನು ತೆಗೆದುಕೊಳ್ಳಲಿಲ್ಲ. ಅವಳು ಅದನ್ನು ನನ್ನ ಮಡಿಲಿಗೆ ಹಾಕಿದಳು. ಆಮೇಲೆ ಒಂದು ಹರಳು ತಂದಳು. ಆಮೇಲೆ ತನ್ನ ಬಲಗಾಲಿನ ಚಪ್ಪಲಿ, ಆಮೇಲೆ ಅರ್ಧ ತಿಂದು ನೆಂದ ಬಿಸ್ಕಿಟ್ಟು. ನಾನು ಕಲ್ಲಿನ ಬಸವಣ್ಣನಂತೆ ಕೂತಿದ್ದೆ, ಅವಳು ನೈವೇದ್ಯ ಇಡುತ್ತಲೇ ಇದ್ದಳು. “ತಗೋಳ, ಕೂಸು ಪ್ರೀತೀಲೆ ಕೊಡಾಕತ್ತೈತಿ” ಎಂದಳು ಶಂಕ್ರವ್ವಾಯಿ. “ತಗೋಳಂಗಿಲ್ಲಾಯಿ, ಮಾರ್ಕ್ಸ್ ಕಡಿಮಿ ಆಗ್ತಾವು” ಎಂದೆ. “ಏನ್ ಸುಡುಗಾಡು ಸಾಲಿವ್ವ ಇದು!” ಎಂದು ಶಂಕ್ರವ್ವಾಯಿ ನಮ್ಮ ಇಡೀ ಪಠ್ಯಕ್ರಮವನ್ನು ಒಂದೇ ಮಾತಿನಲ್ಲಿ ಮುಗಿಸಿದಳು.

ಆದರೆ ನಾನು ನೋಡಿದೆ. ಕದ್ದು ನೋಡಲಿಲ್ಲ, ಅರ್ಧ ನೋಡಿ ಮುಖ ತಿರುಗಿಸಲಿಲ್ಲ. ಮೂವತ್ತು ವರ್ಷಕ್ಕೆ ಮೊದಲ ಸಲ ಒಂದು ಕೂಸನ್ನು ಕಣ್ತುಂಬ ನೋಡಿದೆ. ಕೂಸಿನ ಕಿವಿಯ ಹಿಂದೆ ಬೆವರಿಗೆ ಕೂದಲು ಸುರುಳಿಯಾಗಿ ಅಂಟಿಕೊಂಡಿರುತ್ತದೆ, ಅದು ನನಗೆ ಗೊತ್ತಿರಲಿಲ್ಲ. ನಿದ್ದೆ ಬರುವ ಮುನ್ನ ಅದು ತನ್ನ ಮೂಗನ್ನು ತಾನೇ ಹಿಡಿದುಕೊಳ್ಳುತ್ತದೆ. ಬಿದ್ದರೆ, ಯಾರು ನೋಡಿದರು ಎಂದು ಮೊದಲು ಸುತ್ತ ನೋಡಿ ಆಮೇಲೆ ಅಳುವುದೋ ಬೇಡವೋ ಎಂದು ಯೋಚಿಸುತ್ತದೆ. ಪ್ರಮೋಶನ್ನಿಗೆ ಅನುಕೂಲವೆಂದು ಎಂ.ಎ. ಕಟ್ಟಿದ್ದೇನೆ ಎಂದು ಕಚೇರಿಯಲ್ಲಿ ಹೇಳಿದ್ದೆ, ಭಾನುವಾರ ಕಳೆಯಲೆಂದು ನಿಮಗೆ ಹೇಳಿದೆ. ಎರಡೂ ಅರ್ಧ ಸುಳ್ಳು. ನೋಡದೆ ಬಿಟ್ಟದ್ದರಲ್ಲಿ ಏನಿತ್ತು ಎಂದು ಒಮ್ಮೆ ತಿಳಿದುಕೊಳ್ಳಬೇಕಾಗಿತ್ತು ನನಗೆ. ಎರಡನೆಯ ವಾರ ಹೋದೆ, ಮೂರನೆಯ ವಾರ ಹೋದೆ. ಹುನಗುಂದದ ಬಸ್ಸು ತಡವಾದರೆ ಡ್ರೈವರನ ಮೇಲೆ ಸಿಟ್ಟು ಬರತೊಡಗಿತು. ಮನೆಯಲ್ಲಿ ತಮಗಾಗಿ ಯಾರೋ ಕಾಯುತ್ತಿದ್ದಾರೆ ಎನ್ನುವವರಿಗೆ ಬರುವಂಥ ಸಿಟ್ಟು.

ನಾಲ್ಕನೆಯ ವಾರ ಹೋದಾಗ ರೇಣುಕಾ ಬಾಗಿಲಲ್ಲೇ ನಿಂತಿದ್ದಳು. “ಕೂಸಿನ ಮೈ ಬೆಚ್ಚಗಾಗೇತ್ರಿ ಅಕ್ಕಾರ. ಇವತ್ತ ಬ್ಯಾಡ್ರಿ” ಎಂದಳು. ಮಾತು ಮೆತ್ತಗೇ ಇತ್ತು, ಆದರೆ ಅವಳು ನನ್ನ ಕಣ್ಣು ತಪ್ಪಿಸಿ ನನ್ನ ಚಪ್ಪಲಿಗೆ ಹೇಳಿದಳು. ಮರುದಿನ ನೀರಿನ ಸರದಿಯಲ್ಲಿ ಎದುರು ಮನೆಯ ನೀಲವ್ವ, ನಾನು ಹಿಂದೆ ಇದ್ದೇನೆಂದು ಗೊತ್ತಿದ್ದೋ ಗೊತ್ತಿಲ್ಲದೆಯೋ, “ತಾಸಗಟ್ಲೆ ಹಂಗ ಕುಂತು ನೋಡಿದ್ರ ಕಲ್ಲೂ ಸೀಳತೈತಿ, ಅದು ಹಸಗೂಸು” ಎಂದಳು. ಜಗಳಗಂಟ ಮಾಸ್ತರರು ಕೂಡ ಆ ದಿನ ನನ್ನ ಜೊತೆ ಜಗಳ ತೆಗೆಯಲಿಲ್ಲ. ಓಣಿಯಲ್ಲಿ ಇನ್ನೂ ಮೂರ್ನಾಲ್ಕು ಮಕ್ಕಳಿಗೆ ಜ್ವರವಿತ್ತು, ಅವುಗಳ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಜ್ವರ ಏಕೆ ಬರುತ್ತದೆ ಎಂದು ನನ್ನ ಪಠ್ಯಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವಿದೆ, ಅದರಲ್ಲಿ ನನಗೆ ಒಳ್ಳೆಯ ಅಂಕಗಳೂ ಬಂದಿವೆ. ಆದರೂ ಮನೆಗೆ ಬಂದು ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ನನ್ನ ಕಣ್ಣುಗಳನ್ನು ನೋಡಿಕೊಂಡೆ. ಕಲಿತವಳು ಮಾಡುವ ಕೆಲಸವಲ್ಲ. ಮಾಡಿದೆ.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಶಂಕ್ರವ್ವಾಯಿಯ ಹಿತ್ತಲಲ್ಲಿ ಸಡಗರ ಕೇಳಿಸಿತು. ನೀರು ಕಾಸುವ ಒಲೆ ಹೊತ್ತಿಸುತ್ತಿದ್ದಾರೆ, ಉಪ್ಪು ಮೆಣಸಿನಕಾಯಿ ತರಲು ಹೇಳುತ್ತಿದ್ದಾರೆ. ದೃಷ್ಟಿ ತೆಗೆಯುತ್ತಾರೆಂದು ತಿಳಿಯಿತು. ನಾನು ನಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಅಲ್ಲೇ ಕೂತುಬಿಟ್ಟೆ. ಈ ವ್ಯವಹಾರದಲ್ಲಿ ಸಾಕ್ಷಿ, ವಕೀಲ ಯಾರೂ ಬೇಕಿಲ್ಲ. ಕೂಸಿಗೆ ನಿವಾಳಿಸಿದ ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದಾಗ ಘಾಟು ಎದ್ದು ಎಲ್ಲರೂ ಕೆಮ್ಮಿದರೆ ಯಾರ ಕಣ್ಣೂ ತಾಗಿಲ್ಲ ಎಂದರ್ಥ. ಮೆಣಸಿನಕಾಯಿ ಸುಟ್ಟು ಬೂದಿಯಾದರೂ ಘಾಟು ಬರಲಿಲ್ಲವೋ, ಕಣ್ಣು ತಾಗಿದ್ದು ಖಾತ್ರಿ. ಯಾರ ಕಣ್ಣು ಎಂದು ಆಮೇಲೆ ಯಾರೂ ಹೇಳಬೇಕಾಗಿಲ್ಲ. ಘಾಟು ಬರದಿದ್ದರೆ ಆ ಮನೆಯ ಬಾಗಿಲು ನನಗೆ ಮುಚ್ಚಿತು. ವರದಿ ಹೋದರೆ ಹೋಗಲಿ, ಇನ್ನು ಗೋಡೆಯಾಚೆ ಕೂಸು ಅತ್ತರೆ ನಾನು ರೇಡಿಯೋ ದನಿ ಏರಿಸಿಕೊಂಡು ಕೂಡಬೇಕು. ದೇವರೇ, ನನಗೊಂದು ಕೆಮ್ಮು ಕೊಡು ಎಂದು ಬೇಡಿಕೊಂಡೆ. ದಿನಕ್ಕೊಂದು ಊದಿನಕಡ್ಡಿಯವಳ ಮಾತು ಅವನು ಕೇಳಬೇಕಲ್ಲ.

ಗೋಡೆಯಾಚೆ ಶಂಕ್ರವ್ವಾಯಿಯ ದನಿ ಸಣ್ಣಗೆ ಶುರುವಾಯಿತು. “ನಾಯಿ ಕಣ್ಣು, ನರಿ ಕಣ್ಣು, ಹೋಗಾವರ ಕಣ್ಣು, ಬರಾವರ ಕಣ್ಣು, ಎದರ ಮನಿ ಕಣ್ಣು…” ಎದುರು ಮನೆಯಾದ ಮೇಲೆ ಬರಬೇಕಾದದ್ದು ಬಾಜೂ ಮನೆ. ಅಲ್ಲಿ ಶಂಕ್ರವ್ವಾಯಿ ನಿಂತಳು. ಮರೆತಳೋ, ಬೇಕೆಂದೇ ನುಂಗಿದಳೋ, ಇಲ್ಲಾ ನಾನು ಕೇಳುತ್ತಿದ್ದೇನೆಂದು ತಿಳಿದಳೋ, ಅಂತೂ ಆ ಮೌನ ನನ್ನಿಂದ ತಾಳಲಾಗಲಿಲ್ಲ. ನಾನು ಕೆಮ್ಮಿದೆ. ಸಾಧಾರಣ ಕೆಮ್ಮಲ್ಲ. ಗುಂಟೂರು ಮೆಣಸಿನಕಾಯಿಯ ಗೋದಾಮಿಗೆ ಬೆಂಕಿ ಬಿದ್ದರೆ ಕೆಮ್ಮಬೇಕಲ್ಲ, ಹಾಗೆ ಗೋಡೆಯ ಕಡೆ ಮುಖ ಮಾಡಿ, ಎದೆ ಹಿಡಿದುಕೊಂಡು, ಓಣಿಗೆಲ್ಲ ಕೇಳುವಂತೆ ಕೆಮ್ಮಿದೆ. ಕೆಮ್ಮಿ ಕೆಮ್ಮಿ ನಿಲ್ಲಿಸಿದಾಗ ಆಚೆಯಿಂದ ಶಂಕ್ರವ್ವಾಯಿ ಕೇಳಿದಳು:

“ಯಾಕ ಕಸ್ತೂರವ್ವಾ, ಏನಾತು? ನಾ ಇನ್ನ ಮೆಣಸಿನಕಾಯಿ ಒಲಿಗೆ ಹಾಕೇ ಇಲ್ಲ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾನು ಸಾಲಿಯಲ್ಲಿ ವಿಸ್ತರಿಸಿ ಬರೆದಿದ್ದೆ. ಈ ಸಲ ಯಾರೂ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದೆ. “ಥಂಡಿ ಆಗೇತಾಯಿ” ಎಂದೆ. ಆಗ ಗೋಡೆಯಾಚೆಯಿಂದ ಸಣ್ಣದೊಂದು ‘ಖೊಕ್ ಖೊಕ್’ ಕೇಳಿಸಿತು. ಜ್ವರದಲ್ಲಿ ಎರಡು ದಿನದಿಂದ ಮಿಸುಕಾಡದೆ ಮಲಗಿದ್ದ ಸಾನವ್ವ, ಅವ್ವನ ಮಡಿಲಲ್ಲಿ ಕೂತು ನನ್ನ ಕೆಮ್ಮನ್ನು ಅಣಕಿಸುತ್ತಿದ್ದಳು. ಕೆಮ್ಮಿ, ತಾನೇ ನಕ್ಕಳು. ರೇಣುಕಾ ನಕ್ಕಳು. ಶಂಕ್ರವ್ವಾಯಿ ನಕ್ಕು ನಕ್ಕು, “ಥಂಡಿ ಆಗಿದ್ರ ಇತ್ತ ಬಾ ಇಲ್ಲೆ, ಒಲಿ ಮುಂದ ಕುಂದರು” ಎಂದು ಕರೆದಳು.

ಹೋದೆ. ಶಂಕ್ರವ್ವಾಯಿ ನನ್ನನ್ನು ಕೂಸಿನ ಬಾಜೂಕ್ಕೆ, ಅದೇ ಚಾಪೆಯ ಮೇಲೆ ಕೂಡ್ರಿಸಿ, ಉಪ್ಪು ಮೆಣಸಿನಕಾಯಿ ಹಿಡಿದ ಮುಷ್ಟಿಯನ್ನು ಮೊದಲು ಅದಕ್ಕೆ, ಆಮೇಲೆ ನನಗೆ ನಿವಾಳಿಸತೊಡಗಿದಳು. “ನನಗ್ಯಾಕಾಯಿ?” ಎಂದೆ. “ಒಬ್ಬಾಕಿ ಇರತಿ. ನಿನಗ ಯಾರು ತಗೀಬೇಕು?” ಎಂದಳು. ನನ್ನ ಅವ್ವ ಹೋದ ಮೇಲೆ ನನಗೆ ಯಾರೂ ದೃಷ್ಟಿ ತೆಗೆದಿರಲಿಲ್ಲ. ನನ್ನ ಕಣ್ಣು ಯಾರಿಗೆ ತಾಗೀತು ಎಂದು ಲೋಕಕ್ಕೆಲ್ಲ ಚಿಂತೆಯಿತ್ತು. ನನಗೂ ಕಣ್ಣು ತಾಗಬಹುದು ಎಂಬುದು ನನಗೇ ಹೊಳೆದಿರಲಿಲ್ಲ. ಶಂಕ್ರವ್ವಾಯಿ ಏಳುತ್ತ, “ರೇಣವ್ವಾ, ಕೂಸನ್ನ ತಲಬಾಗಿಲ ಕಡೆ ಒಯ್ಯಿ. ಹಂಗ ಆ ಗುಂಟೂರ ಮೆಣಸಿನಕಾಯಿ ಡಬ್ಬಿ ಕೊಡು” ಎಂದಳು. ಸಾಮಾನ್ಯವಾಗಿ ಮೂರೋ ಐದೋ ಹಾಕುತ್ತಾರೆ. ಶಂಕ್ರವ್ವಾಯಿ ಡಬ್ಬಿಗೆ ಕೈ ಹಾಕಿ ಒಂದು ಬೊಗಸೆ ತೆಗೆದು, ನನ್ನ ಮುಖವನ್ನೊಮ್ಮೆ ನೋಡಿ, ಒಲೆಗೆ ಸುರಿದಳು.

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ! ಹಿತ್ತಲು, ಪಡಸಾಲೆ ದಾಟಿ ಘಾಟು ಓಣಿಗೆ ಇಳಿಯಿತು. ಶಂಕ್ರವ್ವಾಯಿ ಕೆಮ್ಮಿದಳು, ನಾನು ಕೆಮ್ಮಿದೆ, ಈ ಸಲ ಖರೆ ಕೆಮ್ಮು. ಕೊನೆಯ ಮನೆಯ ಮಾಸ್ತರರು ಕೆಮ್ಮುತ್ತಲೇ ಯಾರಿಗೋ ಬೈಯತೊಡಗಿದರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಓಡಿಬಂದು, “ಏನ್ ಮಾಡಾಕತ್ತೀರಬೇ! ಓಣಿ ಮಂದೀನ ಕೊಲ್ಲತೀರೇನು?” ಎಂದಳು. ಶಂಕ್ರವ್ವಾಯಿ ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಬಂದು ನಿಂತು, “ಘಾಟು ಬಂತೋ ಇಲ್ಲೋ ನೀಲವ್ವಾ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

“ಬಂತಬೇ, ಬಂತು!”

“ಹಂಗಾದ್ರ ದಿಷ್ಟಿ ಇಲ್ಲ ಗಿಷ್ಟಿ ಇಲ್ಲ. ಹವಾ ಬದಲಾಗೇತಿ, ಕೂಸಿಗೆ ಜ್ವರಾ ಬಂದಾವು. ಮುಂಜಾನೆ ದವಾಖಾನಿಗೆ ಒಯ್ತೀವಿ. ಹೋಗು, ನೀರ ಕುಡಿ.”

ಹೊಗೆಗೆ ಎಲ್ಲರ ಕಣ್ಣಲ್ಲೂ ನೀರಿತ್ತು. ನಾನು ಸಾಕಷ್ಟು ಹೊತ್ತು ಅತ್ತೆ, ನನ್ನ ಕಣ್ಣೀರು ಯಾವುದರದು ಎಂದು ಯಾರೂ ಕೇಳಲಿಲ್ಲ. ‘ಎದರ ಮನಿ ಕಣ್ಣು’ ಆದ ಮೇಲೆ ಏನು ಹೇಳಲಿದ್ದಳು ಎಂದು ನಾನೂ ಶಂಕ್ರವ್ವಾಯಿಯನ್ನು ಇಂದಿನವರೆಗೆ ಕೇಳಿಲ್ಲ.

ಜ್ವರ ಔಷಧಿಗೆ ಇಳಿಯಿತು. ಮುಂದಿನ ವಾರ ರೇಣುಕಾ ತಾನೇ ಗೋಡೆಯ ಮೇಲಿಂದ, “ಅಕ್ಕಾರ, ಬರಂಗಿಲ್ಲೇನ್ರಿ? ನಿಮ್ಮ ಸಾಲಿ ಕಾಯಾಕತ್ತೈತಿ” ಎಂದಳು. ನಾನು ವರದಿ ಬರೆದು ಕೊಟ್ಟೆ. ಬಿಸ್ಕಿಟ್ಟು ತೆಗೆದುಕೊಂಡದ್ದನ್ನೂ, ಆಮೇಲಾಮೇಲೆ ಮಡಿಲಲ್ಲಿ ಕೂಡ್ರಿಸಿಕೊಂಡದ್ದನ್ನೂ ಮುಚ್ಚಿಡದೆ ಬರೆದೆ. ‘ವೀಕ್ಷಕರು ಮಗುವಿನಿಂದ ಅಗತ್ಯವಾದ ದೂರವನ್ನು ಕಾಯ್ದುಕೊಂಡಿಲ್ಲ’ ಎಂದು ಸರ್ ಕೆಂಪು ಮಸಿಯಲ್ಲಿ ಬರೆದು, ಪಾಸಾಗುವಷ್ಟು ಅಂಕ ಕೊಟ್ಟರು. ಮೂವತ್ತು ವರ್ಷ ದೂರ ಕಾಯ್ದುಕೊಂಡಿದ್ದೆನಲ್ಲ, ಅದಕ್ಕೆ ಯಾರೂ ಅಂಕ ಕೊಟ್ಟಿರಲಿಲ್ಲ. ವರದಿಯಲ್ಲಿ ಮಗು ಹೊಸದಾಗಿ ಕಲಿತ ಮಾತುಗಳು ಎಂಬ ಕಡೆ ‘ಅವ್ವ, ಬುವ್ವ, ಕಾಗಿ’ ಆದ ಮೇಲೆ ನಾನು ‘ಖೊಕ್’ ಎಂದೂ ಬರೆದಿದ್ದೆ. ಸರ್ ಅದರ ಮುಂದೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅದು ನನ್ನ ಹೆಸರು ಎಂದು ಅವರಿಗೆ ಹೇಗೆ ಗೊತ್ತಾಗಬೇಕು!

ಈಗ ಸಂಜೆ ನಾನು ಬಸ್ಸಿಳಿದು ಬಂದು ಬಾಗಿಲಿನ ಕೀಲಿ ತೆಗೆಯುವ ಸದ್ದಾದರೆ ಸಾಕು, ಬಾಜೂ ಮನೆಯ ಪಡಸಾಲೆಯಿಂದ ‘ಖೊಕ್ ಖೊಕ್’ ಎಂದು ಕೇಳುತ್ತದೆ. ನಮ್ಮವರು ಹೋದ ಮೇಲೆ ನನ್ನ ಕೀಲಿಯ ಸದ್ದಿಗೆ ಕಿವಿಗೊಟ್ಟವರು ಯಾರೂ ಇರಲಿಲ್ಲ. ನಾನೂ ಹೊಸ್ತಿಲ ಮೇಲೆ ನಿಂತು ಎರಡು ಸಲ ಕೆಮ್ಮುತ್ತೇನೆ, ಬಂದೆ ಎಂದು. ರೂಢಿ ಕೆಟ್ಟದ್ದು, ಕಚೇರಿಯಲ್ಲೂ ಸಂಜೆಯ ಹೊತ್ತಾದರೆ ತಾನಾಗಿಯೇ ಕೆಮ್ಮು ಬರುತ್ತದೆ. ಮೊನ್ನೆ ಶೋಭಾ ನಿಜವಾದ ಕಾಳಜಿಯಿಂದ, “ಅಕ್ಕಾರ, ಭಾಳ ದಿನದಿಂದ ನೋಡಾಕತ್ತೇನಿ, ಈ ಕೆಮ್ಮು ಚಲೋ ಅಲ್ರಿ. ಒಮ್ಮೆ ದವಾಖಾನಿಗೆ ತೋರಿಸ್ರಿ” ಎಂದಳು. ತೋರಿಸುತ್ತೇನೆ ಎಂದು ಹೇಳಿದ್ದೇನೆ. ತೋರಿಸುವುದಿಲ್ಲ. ಡಾಕ್ಟರ ಕೈಗುಣದ ಮೇಲೆ ನನಗೆ ನಂಬಿಕೆಯಿಲ್ಲ ನೋಡಿ, ವಾಸಿಯಾಗಿಬಿಟ್ಟರೆ?